ಆರು ದಿನ ಬಿಚ್ಚದ ಕಂಪ್ಯೂಟರ್

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಮನೆಯಲ್ಲಿ ಹೆಂಡತಿ ಸ್ನೇಹಲ ಹೇಳುತ್ತಾಳೆ, ಅಂಗಡಿಯಲ್ಲಿ ಗಿರಾಕಿಗಳು ಹೇಳುತ್ತಾರೆ, ಈಗ ನಾನೇ ಹೇಳುತ್ತಿದ್ದೇನೆ. ಸೊಲ್ಲಾಪುರದಲ್ಲಿ ನಮ್ಮದು ಮೂರು ತಲೆಮಾರಿನ ಚಾದರದ ವ್ಯಾಪಾರ. ಗಾದಿಯ ಮೇಲೆ ಕೂತು ಗಿರಾಕಿಗಳ ಜೊತೆ ನಗುನಗುತ್ತ ಮಾತಾಡುವುದು ನನ್ನಿಂದ ಆಗುವ ಕೆಲಸವಲ್ಲ ಎಂದು ಅಪ್ಪನಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ಹನ್ನೆರಡು ವರ್ಷದ ಹಿಂದೆ ಅಕ್ಕಲಕೋಟೆಯಲ್ಲಿ ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟೆ. ದಿನಾ ಬೈಕಿನಲ್ಲಿ ಹೋಗಿ ಬರುತ್ತೇನೆ. ಉದಯಕುಮಾರ ಸದ್ದು ಕೇಳಿಯೇ ರೋಗ ಹೇಳುತ್ತಾನೆ ಎಂದು ಜನ ಅನ್ನುತ್ತಿದ್ದರು. ಆ ಮಾತು ಕೇಳಿದಾಗ ನಾನು ಕೇಳಿಸದವನಂತೆ ಮುಖ ಮಾಡಿಕೊಳ್ಳುತ್ತಿದ್ದೆ, ಒಳಗೊಳಗೇ ಹಿಗ್ಗುತ್ತಿದ್ದೆ.

ಕಳೆದ ಮಾರ್ಗಶಿರದಲ್ಲಿ ಒಂದು ಮಂಗಳವಾರ ವಳಸಂಗದಿಂದ ದೀಪಾಲಿ ಎಂಬ ಹುಡುಗಿ ಬಂದಳು. ಕುರಿ ಸಾಕುವ ಮನೆಯವಳು, ಸೊಲ್ಲಾಪುರದಲ್ಲಿ ಬಿಎಸ್ಸಿ ಓದುತ್ತಿದ್ದಾಳೆ. ಕರಿ ಕಂಬಳಿಯಲ್ಲಿ ಸುತ್ತಿ ತಂದಿದ್ದನ್ನು ಬಿಚ್ಚಿದರೆ ಒಳಗೆ ಗೇಮ್ ಆಡುವ ದೊಡ್ಡ ಕಂಪ್ಯೂಟರ್. ನಾಲ್ಕು ಫ್ಯಾನು, ನಾಲ್ಕಕ್ಕೂ ಬಣ್ಣದ ದೀಪ. ಯಾರೋ ಲಾಡ್ಜಿನ ಮಾಲೀಕರ ಮಗ ಆಡಿ ಬಿಟ್ಟದ್ದನ್ನು ಕೊಂಡಿದ್ದಳಂತೆ. ಹಚ್ಚಿದೆ. ಎರಡು ನಿಮಿಷ ಸುಮ್ಮನಿತ್ತು, ಆಮೇಲೆ ಹಿಟ್ಟಿನ ಗಿರಣಿಯ ಹಾಗೆ ಸದ್ದು ಶುರುವಾಯಿತು. ಪಕ್ಕದ ಅಂಗಡಿಯವನು ಬಂದು ಇಣುಕಿ ಹೋದ.

ಇದರಲ್ಲಿ ಏನು ಆಡುತ್ತೀ ಎಂದು ಕೇಳಿದೆ. ಆಟ ಬಿಟ್ಟು ಎರಡು ತಿಂಗಳಾಯಿತು ಎಂದಳು. ಅವಳ ಅಜ್ಜ ರೇವಣ್ಣ ಕುರುಬರ ದೇವರು ಬೀರೋಬಾನ ಪದ ಹಾಡುವವರು. ತಮ್ಮ ಗುರುವಿನ ಬಾಯಿಂದ ಕಲಿತ ದೊಡ್ಡ ಕಥೆ, ಎಲ್ಲೂ ಬರೆದಿಟ್ಟಿಲ್ಲ, ಜೊತೆಗೆ ಹಾಡುತ್ತಿದ್ದವರು ಒಬ್ಬೊಬ್ಬರಾಗಿ ಹೋಗಿದ್ದಾರೆ. ಅಜ್ಜನಿಗೆ ಈಗ ಗಂಟಲಿನ ಕ್ಯಾನ್ಸರ್. ಇನ್ನು ಹತ್ತು ದಿನಕ್ಕೆ ಸೊಲ್ಲಾಪುರದಲ್ಲಿ ಆಪರೇಷನ್, ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ದೀಪಾಲಿ ಕಲಿತದ್ದು ಮರಾಠಿ ಶಾಲೆಯಲ್ಲಿ, ಕನ್ನಡ ಮಾತಾಡುತ್ತಾಳೆ, ಬರೆಯಲು ಬರುವುದಿಲ್ಲ. ಅದಕ್ಕೇ ಮೈಕು ಹಚ್ಚಿ ಈ ಕಂಪ್ಯೂಟರಿನಲ್ಲಿ ಅಜ್ಜನ ಹಾಡು ತುಂಬಿಸಿಕೊಳ್ಳುತ್ತಿದ್ದಳು. ಮೂವತ್ತೊಂದು ಕಂತು ಆಗಿವೆ, ಉಳಿದದ್ದು ಕಥೆಯ ಕೊನೆಯ ಮೂರು. ಆದರೆ ಫ್ಯಾನಿನ ಸದ್ದು ದಿನದಿಂದ ದಿನಕ್ಕೆ ಏರಿ, ಹಿಂದಿನ ನಾಲ್ಕು ಕಂತುಗಳಲ್ಲಿ ಅಜ್ಜನ ದನಿ ಅರ್ಧಕ್ಕರ್ಧ ಮುಳುಗಿತ್ತು. ಮಾತು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದರು. ಮುದುಕ ಆ ಮೂರು ಕಂತಿಗಾಗಿ ದನಿಯನ್ನು ಕೂಡಿಡುತ್ತಿದ್ದರು. ನೀರು ಬೇಕಾದರೂ ಕೈಸನ್ನೆ ಮಾಡುತ್ತಿದ್ದರಂತೆ.

ನಾನು ಕಿವಿ ಹತ್ತಿರ ಇಟ್ಟು ಕೇಳಿ ಬೇರಿಂಗ್ ಹೋಗಿದೆ ಎಂದೆ. ನಾಲ್ಕೂ ಫ್ಯಾನು ಹೊಸದು ಹಾಕಬೇಕು, ಪುಣೆಯಿಂದ ತರಿಸುತ್ತೇನೆ, ಮೂರು ದಿನ.

"ದಾದಾ, ಒಳಗ ಒಮ್ಮೆ ನೋಡ್ರಿ. ಮುತ್ಯಾ ಪದಾ ಎತ್ತೂಕಿಂತ ಮೊದಲ..." ಎಂದು ಅವಳು ಶುರು ಮಾಡಿದಳು.

ಮಾತು ಮುಗಿಸಲು ನಾನು ಬಿಡಲಿಲ್ಲ. ಹಾಡು ತುಂಬಿಸಿಕೊಳ್ಳುವುದು ನಿನ್ನ ಕೆಲಸ, ರಿಪೇರಿ ನನಗೆ ಬಿಡು ಎಂದೆ. ಪಕ್ಕದ ಫಲಕ ತೆಗೆಯಲು ಎರಡು ತಿರುಪು ಸಾಕು. ಕೆಲಸ ಕಲಿಯಲು ಬರುವ ಹುಡುಗರಿಗೆ ಮೊದಲ ದಿನ ನಾನು ಹೇಳಿಕೊಡುವುದೇ ಅದು, ಮೊದಲು ಬಿಚ್ಚು, ಆಮೇಲೆ ಬಾಯಿ ಬಿಡು ಎಂದು.

ಅವಳು ಬಾಗಿಲವರೆಗೆ ಹೋಗಿ ತಿರುಗಿ ಬಂದು ಅಲ್ಲಿಯವರೆಗೆ ಹಾಡನ್ನು ಫೋನಿನಲ್ಲಿ ತುಂಬಿಸಿಕೊಳ್ಳಲೇ ಎಂದು ಕೇಳಿದಳು. ಬೇಡ ಎಂದೆ. ಮುದುಕರ ಗಂಟಲಿನಲ್ಲಿ ಉಳಿದದ್ದು ಒಂದು ಸಲ ಹಾಡುವಷ್ಟು ದನಿ, ಅದನ್ನು ಫೋನಿನ ಮೇಲೆ ಖರ್ಚು ಮಾಡಬೇಡ, ಅವರ ಉಸಿರೂ ಕೇಳುವ ಹಾಗೆ ಮಷೀನು ಮಾಡಿಕೊಡುತ್ತೇನೆ ಎಂದು ಬುದ್ಧಿ ಹೇಳಿ ಕಳಿಸಿದೆ. ಅವಳು ನಂಬಿದಳು.

ಮೂರನೆಯ ದಿನ ಫ್ಯಾನು ಬರಲಿಲ್ಲ. ದೀಪಾಲಿ ಫೋನು ಮಾಡಿದಳು, ನಾಳೆ ಎಂದೆ. ನಾಲ್ಕನೆಯ ದಿನವೂ ಬರಲಿಲ್ಲ. ನಾನು ಮನೆಗೆ ಹೋಗುವ ದಾರಿ ವಳಸಂಗದ ಮೇಲೆಯೇ. ಅವತ್ತು ಸಂಜೆ ಅವಳು ಬಸ್ ನಿಲ್ದಾಣದ ಹತ್ತಿರ ನಿಂತಿದ್ದಳು, ನನ್ನ ಬೈಕು ಕಂಡು ಕೈ ಎತ್ತಿದಳು. ನಾನು ನಿಲ್ಲಿಸಲಿಲ್ಲ. ನಾಳೆ, ನಾಳೆ ಎಂದು ಕೈ ಆಡಿಸಿಕೊಂಡು ಮುಂದೆ ಹೋದೆ. ನಿಲ್ಲಿಸಿದ್ದರೆ ಅರ್ಧಕ್ಕೆ ಬಿಟ್ಟ ಆ ಮಾತನ್ನು ಅವಳು ಪೂರ್ತಿ ಹೇಳುತ್ತಿದ್ದಳೋ ಏನೋ. ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳುತ್ತಾಳೆ ಎಂದು ನನಗೆ ಬೇಜಾರು.

ಆರನೆಯ ದಿನ ಮಧ್ಯಾಹ್ನ ಪಾರ್ಸೆಲ್ ಬಂತು. ಆಗ ತಿರುಪು ತೆಗೆದೆ.

ಒಳಗೆಲ್ಲ ಹಳದಿ. ತಳದಲ್ಲಿ ಹಳದಿ ಪುಡಿ, ಫ್ಯಾನಿನ ರೆಕ್ಕೆಗಳ ಮೇಲೆ ಹಳದಿ ಪದರ, ಪ್ರೊಸೆಸರನ್ನು ತಂಪಾಗಿಡುವ ಅಲ್ಯುಮಿನಿಯಂ ಪಟ್ಟಿಗಳ ನಡುವೆ ದೇವರ ದೀಪದ ಎಣ್ಣೆಜಿಡ್ಡು, ಕುರಿಯ ಉಣ್ಣೆ ಸೇರಿ ಮೆತ್ತಿಕೊಂಡ ಹಳದಿ ಕಿಟ್ಟ. ಮೂಗಿಗೆ ಅರಿಶಿನದ ವಾಸನೆ ಬಂತು. ನಮ್ಮ ಕಡೆ ಡೊಳ್ಳು ನೋಡಿದ ಯಾರಿಗಾದರೂ ಇದು ಗೊತ್ತು: ಬೀರೋಬಾನ ಪದ ಎತ್ತುವ ಮುಂಚೆ ಡೊಳ್ಳಿನ ಮೇಲೆ ಹಿಡಿ ಭಂಡಾರ, ಅಂದರೆ ಅರಿಶಿನ ಪುಡಿ, ಹಾರಿಸಲೇಬೇಕು. ಈ ಮುದುಕರ ಎದುರಿಗೆ ಈಗ ಡೊಳ್ಳು ಇರಲಿಲ್ಲ, ಹಾಡನ್ನು ಇಸಿದುಕೊಳ್ಳುವ ಮಷೀನು ಇತ್ತು. ಅದರ ಮೇಲೆಯೇ ಹಾರಿಸಿದ್ದರು, ಮೂವತ್ತೊಂದು ಸಲ. ಫ್ಯಾನುಗಳು ಅಷ್ಟನ್ನೂ ಒಳಗೆ ಎಳೆದುಕೊಂಡಿದ್ದವು. ಗಾಳಿ ಹೋಗಲು ದಾರಿಯಿಲ್ಲದೆ ಪ್ರೊಸೆಸರು ಕಾದು, ಅದನ್ನು ತಂಪು ಮಾಡಲು ಫ್ಯಾನುಗಳು ಜೀವ ಬಿಟ್ಟು ತಿರುಗುತ್ತಿದ್ದವು. ಬೇರಿಂಗಿಗೆ ಏನೂ ಆಗಿರಲಿಲ್ಲ. ಬೆರಳಿನಿಂದ ತಳ್ಳಿದರೆ ನಾಲ್ಕೂ ಸಲೀಸಾಗಿ ತಿರುಗಿದವು.

ಬ್ರಷ್ಷು ಹಿಡಿದು ಕಿಟ್ಟ ತೆಗೆದೆ, ಬ್ಲೋವರ್ ಹೊಡೆದೆ, ಪ್ರೊಸೆಸರಿನ ಮೇಲೆ ಶಾಖ ಹೊರಗೆಳೆಯುವ ಹೊಸ ಪೇಸ್ಟ್ ಹಚ್ಚಿದೆ. ಅರ್ಧ ಗಂಟೆ. ಮಷೀನು ಹಚ್ಚಿದರೆ ದೀಪ ನೋಡಿಯೇ ನಡೆಯುತ್ತಿದೆ ಎಂದು ತಿಳಿಯಬೇಕು, ಅಷ್ಟು ನಿಶ್ಶಬ್ದ. ಆ ಹೊತ್ತಿನಲ್ಲೂ ನನಗೆ ಹೆಮ್ಮೆಯೇ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಈಗಲೇ ಬಂದು ಒಯ್ಯಿ ಎಂದು ಹೇಳಲು ದೀಪಾಲಿಗೆ ಫೋನು ಹಚ್ಚಿದೆ.

ಅವಳು ಆಸ್ಪತ್ರೆಯಲ್ಲಿದ್ದಳು. ಹಿಂದಿನ ದಿನ ಅಜ್ಜನಿಗೆ ಉಸಿರು ಸಿಕ್ಕಿಕೊಂಡಿತಂತೆ, ತಾರೀಖಿನವರೆಗೆ ಕಾಯಲು ಡಾಕ್ಟರು ಒಪ್ಪಲಿಲ್ಲವಂತೆ.

"ಇವತ್ತ ಮುಂಜಾನೆ ಆಪರೇಷನ್ ಆತ್ರಿ ದಾದಾ," ಎಂದಳು. "ಮುತ್ಯಾನ ದನಿ ಹೋತು."

ಮಷೀನು ನನ್ನ ಎದುರಿಗೆ ಸದ್ದಿಲ್ಲದೆ ನಡೆಯುತ್ತಿತ್ತು. ಅದನ್ನು ಆರಿಸಿ ಅಂಗಡಿ ಮುಚ್ಚಿದೆ.

ಇಪ್ಪತ್ತು ದಿನ ಅದು ನನ್ನ ಅಂಗಡಿಯಲ್ಲೇ ಇತ್ತು. ಒಯ್ಯಲು ಯಾರೂ ಬರಲಿಲ್ಲ, ಕರೆಯಲು ನನಗೆ ಮುಖವಿರಲಿಲ್ಲ. ಕೊನೆಗೆ ಒಂದು ಭಾನುವಾರ ರಿಕ್ಷಾದಲ್ಲಿ ಹಾಕಿಕೊಂಡು ನಾನೇ ವಳಸಂಗಕ್ಕೆ ಹೋದೆ. ರೇವಣ್ಣ ಅಂಗಳದಲ್ಲಿ ಹೊರಸಿನ ಮೇಲೆ ಕೂತಿದ್ದರು. ಕುತ್ತಿಗೆಗೆ ಬಿಳಿ ಬಟ್ಟೆ, ಸೊಂಟದಲ್ಲಿ ಭಂಡಾರದ ಚೀಲ. ಅವರನ್ನು ನಾನು ನೋಡಿದ್ದು ಅದೇ ಮೊದಲು. ಪಕ್ಕದಲ್ಲಿ ಅವರ ಹೆಂಡತಿ ಸೋಮವ್ವ ಜೋಳ ಹಸನು ಮಾಡುತ್ತಿದ್ದರು. ದೀಪಾಲಿ ಮಷೀನನ್ನು ಒಳಗೆ ಇಡಿಸಿ ಬಂದು ಏನಾಗಿತ್ತು ಎಂದು ಕೇಳಿದಳು.

ಭಂಡಾರ ಒಳಗೆ ಹೋಗಿ ಕೂತಿತ್ತು ಎಂದೆ. ಸುಳ್ಳಲ್ಲ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡೆ.

ಮುದುಕರು ಅದನ್ನು ಕೇಳಿಸಿಕೊಂಡರು. ನಿಧಾನವಾಗಿ ಚೀಲವನ್ನು ಸೊಂಟಕ್ಕೆ ಕಟ್ಟಿದ್ದ ಗಂಟು ಬಿಚ್ಚಿದರು. ಐವತ್ತು ವರ್ಷದ ಗಂಟು, ಬೆರಳಿಗೆ ಸುಲಭಕ್ಕೆ ಬರಲಿಲ್ಲ. ಬಿಚ್ಚಿ ಚೀಲವನ್ನು ಹೆಂಡತಿಯ ಮೊರದಲ್ಲಿ ಜೋಳದ ಮೇಲೆ ಇಟ್ಟು ಗೋಡೆಯ ಕಡೆ ತಿರುಗಿ ಕೂತರು. ಬೀರೋಬಾನ ಪದ ತನ್ನ ಕೈಯಿಂದಲೇ ಕೆಟ್ಟಿತು ಎಂದು ಅವರು ತಿಳಿದುಕೊಂಡರು. ಬೆನ್ನು ನಡುಗುತ್ತಿತ್ತು, ಅಳುವಿಗೂ ಸದ್ದಿರಲಿಲ್ಲ.

ಸುಮ್ಮನೆ ಎದ್ದು ಬಂದುಬಿಡಬಹುದಿತ್ತು. ರಿಕ್ಷಾದವನು ಹೊರಗೆ ಹಾರ್ನು ಹೊಡೆಯುತ್ತಲೂ ಇದ್ದ. ಆದರೆ ಆ ಬೆನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಮುತ್ಯಾ, ತಪ್ಪು ನಿಮ್ಮದಲ್ರಿ. ಅದು ಅರ್ಧಾ ತಾಸಿನ ಕೆಲಸ ಇತ್ತು. ನಾ ಆರು ದಿನ ಬಿಚ್ಚೇ ನೋಡಲಿಲ್ಲ."

ದೀಪಾಲಿ ನನ್ನನ್ನು ನೋಡಿದಳು. ಸಿಟ್ಟಿನಿಂದ ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು.

"ಫೋನದಾಗ ಬ್ಯಾಡ ಅಂದ್ರಿ ನೀವು," ಎಂದಳು. ಅಷ್ಟೇ. ತಿರುಗಿ ಒಳಗೆ ಹೋದಳು.

ರೇವಣ್ಣ ನಮ್ಮ ಕಡೆ ತಿರುಗಿದರು. ತುಟಿಗಳು ಅಲುಗತೊಡಗಿದವು. ಬಹಳ ಹೊತ್ತು ಅಲುಗಿದವು. ನಡುನಡುವೆ ನನ್ನತ್ತ ಬೆರಳು ತೋರಿಸಿದರು, ಒಮ್ಮೆ ಮೇಲೆ ಆಕಾಶಕ್ಕೆ ತೋರಿಸಿದರು, ಒಮ್ಮೆ ಎದೆ ಮುಟ್ಟಿಕೊಂಡರು. ಕುತ್ತಿಗೆಯ ಬಟ್ಟೆಯ ಹಿಂದಿನಿಂದ ಗಾಳಿ ಮಾತ್ರ ಹೊರಟಿತು. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಸೋಮವ್ವ ಮೊರ ಕೆಳಗಿಟ್ಟು, ಗಂಡನ ತುಟಿಗಳನ್ನೇ ನೋಡುತ್ತ ಕೂತಿದ್ದರು. ಅವು ನಿಂತ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಉಂಡು ಹೋಗು ಅನ್ನಾಕತ್ಯಾರ, ತಮ್ಮಾ."

ಅಷ್ಟು ಹೊತ್ತು ಅಲುಗಿದ ತುಟಿಗಳು ಹೇಳಿದ್ದು ಬರೀ ಅಷ್ಟೇ ಅಲ್ಲ ಎಂದು ನನಗೂ ಗೊತ್ತಿತ್ತು, ಆ ತಾಯಿಗೂ ಗೊತ್ತಿತ್ತು. ಉಳಿದದ್ದನ್ನು ನಾನು ಕೇಳಲಿಲ್ಲ. ಅವರು ರೊಟ್ಟಿ ಬಡಿಸಿದರು, ತಲೆ ತಗ್ಗಿಸಿ ಉಂಡೆ.