ಹತ್ತು ವರ್ಷದ ಪಟ್ಟಿ

"ಹೆಬ್ಬೆಟ್ಟು ಇಲ್ಲಿ ಒತ್ತು ಸೇಸಮ್ಮ. ಇನ್ನು ನೀನು ಖಾಯಂ."

ಪುರಸಭೆಯ ಗುಮಾಸ್ತ ಲೋಕನಾಥ ಶಾಯಿಯ ಪ್ಯಾಡನ್ನು ಮೇಜಿನ ಅಂಚಿಗೆ ದೂಡಿ, ಅವಳ ಕೈ ತಾಗುವ ಮೊದಲೇ ತನ್ನ ಬೆರಳನ್ನು ಹಿಂದೆಗೆದುಕೊಂಡ.

ಹನ್ನೊಂದು ವರ್ಷ ದಿನಗೂಲಿಗೆ ಪೇಟೆಯ ಚರಂಡಿ, ಕಕ್ಕಸು ತೊಳೆದವಳು ಸೇಸಮ್ಮ. ಹೆಬ್ಬೆರಳಿಗೆ ಶಾಯಿ ಹಚ್ಚಿಕೊಂಡಳು. ಎಸ್ಸೆಸ್ಸೆಲ್ಸಿ ಬರೆದು ಫಲಿತಾಂಶ ಕಾಯುತ್ತಿದ್ದ ಮಗಳು ಕಾಂತಿ ಪಕ್ಕದಲ್ಲಿ ನಿಂತು ಪಟ್ಟಿಯನ್ನು ತಲೆಕೆಳಗಾಗಿಯೇ ಓದುತ್ತಿದ್ದಳು. ಈಗಿರುವ ಸಿಬ್ಬಂದಿ ಒಂದು ಕಡೆ. ೧೯೯೩ರವರೆಗೆ ಬೇಕಾಗುವವರು ಇನ್ನೊಂದು ಕಡೆ.

"ಅಮ್ಮ, ತಡೆ. ಇದರಲ್ಲಿ ನನ್ನ ಹೆಸರುಂಟು."

"ಎಂತ ಅಂತ?"

"ಜಾಡಮಾಲಿ. ನಿನ್ನ ನಂತರ ನಾನು ಅಂತ."

ಲೋಕನಾಥ ನಕ್ಕ. "ಉಪಕಾರ ಮಾಡಿದ್ದು ಮಾರಾಯ್ತಿ. ಇವಳಿಗೆ ಕೆಲಸ ಹುಡುಕಲಿಕ್ಕೇ ಇಲ್ಲ. ಸಂಬಳ, ಪಿಂಚಣಿ ಎಲ್ಲ ಉಂಟು."

ಸೇಸಮ್ಮ ಮಗಳ ಕಡೆ ತಿರುಗಿದಳು. "ಗುಮಾಸ್ತರ ಜಾಗಕ್ಕೆ ಯಾರ ಹೆಸರುಂಟು ಮಗಾ?"

"ಹೆಸರಿಲ್ಲ. ಅರ್ಜಿ ಕರೆಯುವುದು ಅಂತ ಬರೆದಿದ್ದಾರೆ."

"ನಮ್ಮದಕ್ಕೂ ಹಾಗೇ ಬರೆಯಿರಿ."

"ಅದಕ್ಕೆ ಅರ್ಜಿ ಕರೆದರೆ ಯಾರು ಬರ್ತಾರೆ?"

"ಯಾರೂ ಬರದಿದ್ದರೆ, ಯಾಕೆ ಬರುವುದಿಲ್ಲ ಅಂತ ಆಗ ಯೋಚನೆ ಮಾಡಿ."

ಲೋಕನಾಥನ ನಗು ನಿಂತಿತು. "ಎರಡು ಗಂಟೆಯ ಬಸ್ಸಿಗೆ ಇದು ಮಂಗಳೂರಿಗೆ ಹೋಗಬೇಕು. ಒತ್ತದಿದ್ದರೆ ನಿನ್ನ ಖಾಯಂ ಕೂಡ ಇಲ್ಲ."

ಶಾಯಿಯ ಹೆಬ್ಬೆರಳು ಗಾಳಿಯಲ್ಲೇ ನಿಂತಿತ್ತು.

"ಹಾಗಾದರೆ ಇಬ್ಬರದ್ದೂ ಹೊಡೆದು ಹಾಕಿ. ನಾಳೆ ಬೆಳಿಗ್ಗೆ ಕಕ್ಕಸು ತೊಳೆಯಲಿಕ್ಕೆ ತೊಂಬತ್ತಮೂರನೇ ಇಸವಿಯವರನ್ನು ಕರೆಯಿರಿ."

ಲೋಕನಾಥ ಕಿಟಕಿಯಾಚೆ ಮಾರ್ಕೆಟ್ಟಿನ ಚರಂಡಿಯನ್ನು ನೋಡಿದ. ಗಡಿಯಾರ ನೋಡಿದ. ಪೆನ್ನಿನ ಮುಚ್ಚಳ ತೆಗೆದು ಕಾಂತಿಯ ಹೆಸರಿಗೆ ಒಂದು ಗೆರೆ ಎಳೆದ. ಮೇಲೆ "ಅರ್ಜಿ ಕರೆಯುವುದು" ಎಂದು ಬರೆದ. ಕಾಂತಿ ಅದನ್ನು ಓದಿ, ಅಮ್ಮನಿಗೆ ಹೌದೆಂದು ತಲೆಯಾಡಿಸಿದಳು.

"ಎಲ್ಲಿತ್ತು ನಿನ್ನ ಹೆಸರು?"

ಕಾಂತಿ ತೋರಿಸಿದಳು. ಗೆರೆಯ ಅಡಿಯಲ್ಲಿ ಅಕ್ಷರಗಳು ಇನ್ನೂ ಓದುವಂತೆಯೇ ಇದ್ದವು. ಸೇಸಮ್ಮ ಅವುಗಳ ಮೇಲೆ ಹೆಬ್ಬೆರಳನ್ನು ಬಲವಾಗಿ ಒತ್ತಿ ತಿರುಗಿಸಿದಳು.

"ಅಲ್ಲಿ ಅಲ್ಲ. ಇಲ್ಲಿ, ಕೆಳಗೆ."

"ಗೊತ್ತುಂಟು," ಎಂದು ಅವಳು ಪುನಃ ಶಾಯಿ ಹಚ್ಚಿಕೊಂಡಳು.

ಹೊರಗೆ ಬಂದ ಮೇಲೆಯೇ ಇಬ್ಬರಿಗೂ ಹಸಿವೆ ಗೊತ್ತಾದದ್ದು. ಸೇಸಮ್ಮ ಬೆರಳನ್ನು ತಲೆಗೂದಲಿಗೆ ಒರೆಸಿದರೂ ಶಾಯಿ ಪೂರ್ತಿ ಹೋಗಲಿಲ್ಲ. ಮಡಂತ್ಯಾರಿನ ಬಸ್ಸಿನಲ್ಲಿ ಅವಳು ಮುರಿದು ಕೊಟ್ಟ ಗೋಳಿಬಜೆಯ ಮೇಲೆ ನೀಲಿ ಕಲೆ ಇತ್ತು. ಕಾಂತಿ ಅದನ್ನು ಒಮ್ಮೆ ನೋಡಿ, ಬಾಯಿಗೆ ಹಾಕಿಕೊಂಡಳು.