ಬಿಸಿಲಿಗೆ ಹರವಿದ ಮಣ್ಣು

ಮೂವತ್ತು ವರ್ಷ ಗ್ಯಾರೇಜುಗಳಿದ್ದ ಜಾಗ. ಚೆಲ್ಲಿದ ಆಯಿಲು, ಪೆಟ್ರೋಲು ಎಲ್ಲವನ್ನೂ ಆ ನೆಲವೇ ಕುಡಿದಿತ್ತು. ಅಂಥ ಮಣ್ಣು ದೇವಸ್ಥಾನದ ಅಂಗಳದಷ್ಟು ಶುದ್ಧ ಎಂದು ಲ್ಯಾಬಿನ ವರದಿ ಬಂದರೆ ಯಾರು ನಂಬುತ್ತಾರೆ? ಹೇಮಲತಾ ನಂಬಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಅಜ್ಜಿಯ ಮಾತು ಮೈಸೂರಿನಿಂದ ದೋಹಾಕ್ಕೂ ಅವಳ ಜೊತೆಗೇ ಬಂದಿತ್ತು.

ಓಲ್ಡ್ ಏರ್‌ಪೋರ್ಟ್ ಕಡೆಯ ಆ ಜಾಗವನ್ನು ಪರೀಕ್ಷಿಸಿ, ಶುದ್ಧ ಮಾಡಿ, ಮಕ್ಕಳ ಪಾರ್ಕ್ ಕಟ್ಟಲು ಸರ್ಕಾರ ಫಂಡ್ ಕೊಟ್ಟಿತ್ತು. ಪರೀಕ್ಷೆ, ಶುದ್ಧಿ ಎರಡರ ಗುತ್ತಿಗೆಯೂ ಅವಳ ಕಂಪನಿಯದು. ಮಣ್ಣು ಚೆನ್ನಾಗಿದೆಯೆಂದು ಅವಳು ಸಹಿ ಹಾಕಿದರೆ ಮುಗಿಯಿತು, ಶುದ್ಧ ಮಾಡುವ ಗೋಜೇ ಇಲ್ಲದೆ, ಆ ದುಡ್ಡು ಕಂಪನಿಗೇ ಉಳಿದು, ಅದೇ ನೆಲದ ಮೇಲೆ ಉಯ್ಯಾಲೆ, ಜಾರುಬಂಡೆ ಬರುತ್ತವೆ. ಅವಳ ಮನೆಯ ಬಾಲ್ಕನಿಯಿಂದ ಆ ಜಾಗ ನೇರ ಕಾಣುತ್ತಿತ್ತು. ಪುಟ್ಟ ಮಗಳು ಸಂಜನಾ ದಿನಾ ಕಂಬಿ ಹಿಡಿದು ನಿಂತು, "ಅಮ್ಮಾ, ಸ್ವಿಂಗ್ ಯಾವಾಗ ಹಾಕ್ತಾರೆ?" ಎನ್ನುತ್ತಿದ್ದಳು. ಆ ಮಣ್ಣಲ್ಲಿ ಮಗಳು ಕೈಯಾಡಿಸುವುದನ್ನು ನೆನೆದು ಹೇಮಲತಾ ಅವಳನ್ನು ಒಳಗೆ ಎಳೆದುಕೊಳ್ಳುತ್ತಿದ್ದಳು.

"ಇನ್ನೊಂದು ಸಲ ಮಣ್ಣು ತೆಗೆಸಿ ಸರ್" ಎಂದು ಅವಳು ಹಠ ಹಿಡಿದಾಗ ಮ್ಯಾನೇಜರ್ ಗಿರಿಧರ್ ನಕ್ಕರು. ಅವರೂ ಮೈಸೂರಿನವರೇ, ಅವಳಿಗೆ ಈ ಕೆಲಸ, ವೀಸಾ ಎರಡನ್ನೂ ಕೊಡಿಸಿದವರು. "ತೆಗೆಸೋಣಮ್ಮ. ಆದ್ರೆ ಆ ಯತಿರಾಜನ ಮೇಲೆ ಒಂದು ಕಣ್ಣಿಟ್ಟಿರು. ಆಸಾಮಿ ಅಷ್ಟು ಸರಿಯಿಲ್ಲ."

ಯತಿರಾಜ ಉಡುಪಿ ಕಡೆಯವನು, ಮೊನ್ನೆಮೊನ್ನೆಯವರೆಗೂ ಆಫೀಸಿನ ಡ್ರೈವರ್. ಮಣ್ಣು ತೆಗೆಯುವುದರಲ್ಲಿ ಪಳಗಿದ್ದ ಕಾಸ್ಮಿರ್‌ನನ್ನು ಅಲ್ ವಕ್ರಾ ಸೈಟಿಗೆ ಕಳಿಸಿದ ಮೇಲೆ ಆ ಕೆಲಸ ಇವನ ಕೊರಳಿಗೆ ಬಿದ್ದಿತ್ತು. ಕಣ್ಣಿಟ್ಟು ನೋಡಿದರೆ ಎಲ್ಲವೂ ಅನುಮಾನವೇ. ಫೋನಿನಲ್ಲಿ ಬರೀ ತುಳು, ಅವಳಿಗೆ ಒಂದಕ್ಷರ ತಿಳಿಯದು. ಊಟವಾದ ಮೇಲೆ ಬೀಗದಕೈ ಹಿಡಿದು ಟೆರೇಸಿಗೆ ಹೋಗುತ್ತಿದ್ದ. ಈ ಊರಿನ ಬಿಸಿಲಲ್ಲಿ, ಮಟಮಟ ಮಧ್ಯಾಹ್ನ ಟೆರೇಸಿಗೆ? ಎಲಾ ಇವನ! ಕಳ್ಳ ಸಿಕ್ಕಿದ ಎಂದುಕೊಂಡು ಅವಳು ಹಿಂದೆಯೇ ಮೆಟ್ಟಿಲು ಹತ್ತಿದಳು.

ಟೆರೇಸಿನಲ್ಲಿ ಹಳೆಯ ಬೆಡ್‌ಶೀಟು ಹಾಸಿ ಯತಿರಾಜ ಮಣ್ಣು ಹರವುತ್ತಿದ್ದ.

"ಅಯ್ಯೋ, ಹೆದರಿಸಿಬಿಟ್ರಲ್ಲ ಮೇಡಂ!"

"ಏನ್ರೀ ಇದು?"

"ಒಣಗ್ಲಿಕ್ಕೆ ಹಾಕಿದ್ದು. ಸಮುದ್ರ ಹತ್ತಿರ ಅಲ್ವಾ, ಮಣ್ಣು ಪೂರಾ ಚಂಡಿ, ಹಿಂಡಿದ್ರೆ ನೀರು ಬರ್ತದೆ. ಹಾಗೇ ಬಾಟ್ಲಿಯಲ್ಲೇ ಬಿಟ್ರೆ ಬೂಸ್ಟು ಬರ್ತದಲ್ಲ? ನಮ್ಮ ಅಮ್ಮ ಹಪ್ಪಳ ಒಣಗಿಸಿದ ಹಾಗೆ ಮಗುಚಿ ಹಾಕಿದ್ದೇನೆ. ಪೆಟ್ರೋಲಿನ ನಾತವೂ ಹೋಗ್ತದೆ" ಎಂದ, ಹೊಗಳಿಕೆಗೆ ಕಾದವನಂತೆ.

ಹೇಮಲತಾಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅಗೆದ ಕ್ಷಣವೇ ಬಾಟಲಿಗೆ ಗಿಡಿದು ತುಂಬಿ ಮುಚ್ಚಳ ಬಿಗಿಯಬೇಕಾದ ಮಣ್ಣು! ಪೆಟ್ರೋಲಿನ ವಿಷ ಬಿಸಿಲಿಗೆ ಹಾರಿಹೋದ ಮೇಲೆ ಲ್ಯಾಬಿಗೆ ಸಿಗುವುದೇನು, ಮಣ್ಣಂಗಟ್ಟಿ?

"ಮೊದಲ ಸಲವೂ ಹೀಗೇ ಮಾಡಿದ್ರಾ?"

"ಹೌದು. ಗಿರಿಧರ್ ಸಾರೇ ಹೇಳಿದ್ದು, ಚೆನ್ನಾಗಿ ಒಣಗಿಸಿಯೇ ಕೊಡು ಅಂತ. ಯಾಕೆ, ತಪ್ಪಾಯ್ತಾ ಮೇಡಂ?"

ಗಿರಿಧರ್ ಹೇಳಿದ್ದೇ? ಇಪ್ಪತ್ತು ವರ್ಷ ಇದೇ ಕೆಲಸದಲ್ಲಿ ಪಳಗಿದ ಮನುಷ್ಯನಿಗೆ ಇಷ್ಟು ಗೊತ್ತಿಲ್ಲವೇ? ಛೆ, ಮರೆತು ಹೇಳಿರಬಹುದು. ನಮ್ಮೂರಿನವರು, ಅನ್ನದ ದಾರಿ ತೋರಿಸಿದವರು. ಸೈಟಿನಿಂದ ತಂದು ಇನ್ನೂ ಬಿಚ್ಚದೆ ಇಟ್ಟಿದ್ದ ಮಣ್ಣಿನ ಒಂದು ಬಾಟಲಿಯನ್ನು ಎತ್ತಿಕೊಂಡು, ಯತಿರಾಜನನ್ನೂ ಕರೆದುಕೊಂಡು ಕೆಳಗಿಳಿದಳು.

ಗಿರಿಧರ್ ಮೊದಲ ವರದಿ ತೆರೆದಿಟ್ಟುಕೊಂಡು ಕಾಯುತ್ತಿದ್ದರು. "ಯಲ್ಲಾ, ಬೇಗ ಬಾ ಹೇಮಾ, ಎರಡನೇದೂ ಕ್ಲೀನೇ ಬರುತ್ತೆ. ಒಂದು ಸೈನ್ ಹಾಕು, ಖಲಾಸ್."

ಅವಳು ಬಾಟಲಿಯನ್ನು ಅವರ ಮೂಗಿನ ಕೆಳಗಿಟ್ಟು ಮುಚ್ಚಳ ತೆಗೆದಳು. ಪೆಟ್ರೋಲು ಗಮ್ಮೆಂದಿತು. ಆಚೆ ಮೂಲೆಯಲ್ಲಿ ಕೂತಿದ್ದ ಅಕೌಂಟ್ಸಿನ ಫ್ಲೇವಿಯಾ ಕೆಮ್ಮಿ, ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು.

"ವಾಸನೆ ಬಂತಾ ಸರ್?"

ಗಿರಿಧರ್ ಅವಳ ಕಣ್ಣನ್ನೇ ನೋಡಿದರು. "ಏನೂ ಇಲ್ಲವಲ್ಲ" ಎಂದರು ನಿಧಾನವಾಗಿ. "ನಿನ್ನ ವೀಸಾ ರಿನ್ಯೂವಲ್ ಮುಂದಿನ ತಿಂಗಳು ಅಲ್ವಾ ಹೇಮಾ?"

ಹೇಮಲತಾ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದಳು. ಬಾಗಿಲಲ್ಲಿ ನಿಂತಿದ್ದ ಯತಿರಾಜನ ಮುಖ ನೋಡಲು ಅವಳಿಗೆ ನಾಚಿಕೆಯಾಯಿತು.

"ಗಾಡಿ ತೆಗೀರಿ ಯತಿರಾಜ್" ಎಂದಳು. "ಫಂಡ್ ಆಫೀಸಿಗೆ ಹೋಗೋಣ. ಅಲ್ಲಿ ಮೂಗಿರೋರು ಯಾರಾದ್ರೂ ಇರ್ತಾರೆ."