ಸೋಮವಾರದ ಮೊದಲ ಆಟ

ಡಲ್ಸಿ ತಂದ ಬಿಳಿ ಹೂವಿನ ಚಕ್ರವನ್ನು ಹೆಸ್ಟರ್ ಗಂಡನ ಶವಪೆಟ್ಟಿಗೆಯ ತಲೆಯ ಕಡೆಯಿಂದ ಎತ್ತಿ ಕಾಲ ಕಡೆಗೆ ಇಟ್ಟಳು. ಅಲ್ಲಿಯೂ ಅದು ಕಣ್ಣಿಗೆ ಚುಚ್ಚಿತು. ಗಿರಣಿಯವರು ಕಳಿಸಿದ ಹೂಗಳನ್ನು ಅದರ ಮೇಲಕ್ಕೆ ಸರಿಸಿ ಅರ್ಧ ಮುಚ್ಚಿದಳು.

"ಅತ್ತಿಗೆ, ಅವಳು ನೋಡ್ತಿದಾಳೆ," ಎಂದು ನಾದಿನಿ ಬರ್ತಾ ಪಿಸುಗುಟ್ಟಿದಳು.

"ನೋಡ್ಲಿ ಬಿಡು. ಇಷ್ಟು ವರ್ಷ ನಾನು ನೋಡ್ಲಿಲ್ವಾ?"

ಇಂಗ್ಲೆಂಡಿನ ಓಲ್ಡಮ್ ಊರಿನ ಆ ಬೀದಿಯ ಎಲ್ಲ ಕಿಟಕಿಗಳಿಗೂ ಸಾವಿನ ಗೌರವಕ್ಕೆ ಪರದೆ ಎಳೆದಿತ್ತು. ಸತ್ತವನು ಏಮಸ್ ಆಗ್ಡನ್. ರಂಗದ ಮೇಲೆ ಜಾದೂಗಾರ ಪ್ರೊಫೆಸರ್ ವೆರಾನಿ. ಹುಡುಗನಾಗಿದ್ದಾಗ ನೂಲಿನ ಗಿರಣಿಯಲ್ಲಿ, ಓಡುವ ಯಂತ್ರದ ಮುಂದೆ ಬಗ್ಗಿ, ಕಡಿದ ಎಳೆಗಳನ್ನು ಕೂಡಿಸುತ್ತಿದ್ದ. ಆ ಚುರುಕು ಬೆರಳುಗಳೇ ಮುಂದೆ ನಾಣ್ಯ ಮಾಯ ಮಾಡಿದವು, ಬರಿಯ ಕರವಸ್ತ್ರದಿಂದ ಪಾರಿವಾಳ ಹಾರಿಸಿದವು. ಅವನ ಹೆಸರು ನಿಂತದ್ದು 'ಏರುವ ವಧು' ಎಂಬ ಆಟದಿಂದ. ಮಂಚದ ಮೇಲೆ ಅವನ ಸಹಾಯಕಿ ಡಲ್ಸಿ ಮಲಗುವಳು. ಅವನು ಬಿಳಿ ರೇಷ್ಮೆ ಹೊದಿಸುವನು. ರೇಷ್ಮೆಯ ಸಮೇತ ಅವಳು ಮೆಲ್ಲಗೆ ಗಾಳಿಗೇರುವಳು. ಅವನು ಬಟ್ಟೆಯನ್ನು ಸೆಳೆದರೆ ಅಲ್ಲಿ ಯಾರೂ ಇಲ್ಲ. ಮಾತಾಡುವ ಸಿನಿಮಾ ಬಂದು ನಾಟಕಶಾಲೆಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಚರ್ಚಿನ ಭಾನುವಾರದ ಶಾಲೆಯ ಮಕ್ಕಳಿಗೆ ಸಣ್ಣಪುಟ್ಟ ಕೈಚಳಕ ತೋರಿಸಿಕೊಂಡಿದ್ದ. ಈ ಚಳಿಗಾಲ ಎದೆಯಲ್ಲಿ ಕಫ ಕಟ್ಟಿ ಹೋಗಿಬಿಟ್ಟ.

ಡಲ್ಸಿ ಬಾಗಿಲ ಪಕ್ಕದಲ್ಲಿ, ಕೂತುಕೋ ಎಂದು ಯಾರೂ ಹೇಳದೆ ಇದ್ದುದರಿಂದ, ನಿಂತೇ ಇದ್ದಳು.

*

ಮದುವೆಯಾದ ಹೊಸದರಲ್ಲಿ, ತಾನೇ ಅವನ ಜೊತೆ ರಂಗಕ್ಕೆ ಹೋಗುತ್ತೇನೆಂದು ಹೆಸ್ಟರ್ ನಂಬಿದ್ದಳು. ಉಡುಪಿಗೆ ಬೆಳ್ಳಿ ಮಿಂಚನ್ನೂ ಹೊಲಿದಿಟ್ಟಿದ್ದಳು. ಆ ಉಡುಪು ಡಲ್ಸಿಯ ಮೈಗೇರಿತು. ನೀನು ಎದುರಿಗೆ ಕೂತಿರು ಎಂದು ಏಮಸ್ ಹೇಳಿದ. ತನ್ನ ಸೊಂಟ ದಪ್ಪವೆಂದು ಹೇಳಲಾರದೆ ಹೀಗೆನ್ನುತ್ತಾನೆ ಎಂದು ಅವಳು ತಿಳಿದಳು.

ಹಿತ್ತಲ ಕೊಟ್ಟಿಗೆಯಲ್ಲಿ ಅಭ್ಯಾಸ ನಡೆಯುವಾಗ ಒಳಗಿನಿಂದ ಅಗುಳಿ ಬೀಳುತ್ತಿತ್ತು. ಬಟ್ಟೆ ಒಣಹಾಕುವ ನೆಪದಲ್ಲಿ ಹೆಸ್ಟರ್ ಬಾಗಿಲಿಗೆ ಕಿವಿ ಕೊಡುವಳು. ಸುತ್ತಿಗೆಯ ಸದ್ದು, ಅವನ ಗೊಣಗು, ಆಮೇಲೆ ಡಲ್ಸಿಯ ನಗು. ಆ ನಗು ಅವಳ ಎದೆಯಲ್ಲಿ ಮುಳ್ಳಾಗಿ ಮುರಿಯಿತು. ಅವರಿಬ್ಬರ ನಡುವೆ ಕೆಟ್ಟದ್ದೇನೂ ಇಲ್ಲವೆಂದು ಅವಳು ಬಲ್ಲಳು. ದೇವರ ಮುಂದೆ ಬೇಕಾದರೂ ಹೇಳಿಯಾಳು. ಆದರೆ ಗಂಡನೊಳಗೆ ಒಂದು ಕೋಣೆಯಿತ್ತು, ಅದರ ಬೀಗದ ಕೈ ಇನ್ನೊಬ್ಬಳ ಹತ್ತಿರವಿತ್ತು.

ಒಂದು ರಾತ್ರಿ ಕೇಳಿಯೇ ಬಿಟ್ಟಳು. "ಅದು ಹ್ಯಾಗ್ ಆಗತ್ತೆ, ಏಮಸ್? ನಂಗಾದ್ರೂ ಹೇಳಬಾರ್ದಾ?"

"ನಿಂಗೆ ಹೇಳ್ಬಿಟ್ರೆ ಆಮೇಲೆ ಯಾರಿಗೆ ತೋರಿಸ್ಲಿ?" ಎಂದು ಅವನು ನಕ್ಕ.

ಜಾರಿಕೊಳ್ಳುವ ಮಾತು ಎಂದುಕೊಂಡು ಅವಳು ಗೋಡೆಯ ಕಡೆಗೆ ಹೊರಳಿದಳು.

ಆಟದವರು ಸೋಮವಾರ ಸೋಮವಾರಕ್ಕೆ ಊರು ಬದಲಿಸುತ್ತಿದ್ದರು. ಹೊಸ ಊರಿನ ಮೊದಲ ಆಟಕ್ಕೆ ಹೆಸ್ಟರ್ ರೈಲು ಹಿಡಿದು ಹೋಗಿ ಎದುರು ಸಾಲಿನಲ್ಲಿ ಕೂರಬೇಕು. ಅದೊಂದನ್ನು ಅವನು ಹಟ ಹಿಡಿದು ಕೇಳಿಕೊಳ್ಳುತ್ತಿದ್ದ. ಈ ಸಲ ಗುಟ್ಟನ್ನು ಹಿಡಿದೇ ಹಿಡಿಯುತ್ತೇನೆ ಎಂದು ಅವಳು ಕಣ್ಣು ನೆಟ್ಟು ಕೂರುವಳು. ರೇಷ್ಮೆ ಬಿದ್ದ ಗಳಿಗೆಯಲ್ಲಿ ಮಾತ್ರ ಪ್ರತಿ ಸಲವೂ ಗುಟ್ಟು ಹುಡುಕುವುದನ್ನೇ ಮರೆಯುತ್ತಿದ್ದಳು. ಆಟ ಮುಗಿದು ಅವನು ಬಣ್ಣದ ಮುಖದಲ್ಲೇ ಬಂದು ಹೇಗಿತ್ತು ಎನ್ನುವನು. ಚೆನ್ನಾಗಿತ್ತು ಎನ್ನುವಳು. ಅದಕ್ಕಿಂತ ಒಂದು ಮಾತು ಹೆಚ್ಚು ಕೊಟ್ಟವಳಲ್ಲ.

*

ಸಮಾಧಿಯ ಬಳಿ ಪಾದ್ರಿ ಕೀರ್ತನೆ ಓದಿ ಮುಗಿಸಿದ ಮೇಲೆ ಜಾದೂಗಾರರ ಸಂಘದ ಹಿರಿಯ ಕ್ರ್ಯಾಬ್‌ಟ್ರೀ ಮುಂದೆ ಬಂದರು. ತಮ್ಮವರೊಬ್ಬರು ಹೋದಾಗ ಅವರ ಮಂತ್ರದಂಡವನ್ನು ಮುರಿಯುವುದು ಆ ಸಂಘದವರ ಪದ್ಧತಿ. ಸತ್ತವನ ಗುಟ್ಟು ಬಲ್ಲವರ ಕೈಯಲ್ಲೇ ಅದು ಮುರಿಯಬೇಕು. ಅವರು ಆ ಕಪ್ಪು ಕೋಲನ್ನು ಎರಡೂ ಕೈಯಲ್ಲಿ ಹಿಡಿದು, ಹೆಸ್ಟರಳನ್ನು ದಾಟಿ, ಡಲ್ಸಿಗೆ ಕೊಟ್ಟರು.

ಜನ ತಲೆ ತಗ್ಗಿಸಿದರು. ಬರ್ತಾ ಅತ್ತಿಗೆಯ ಮೊಣಕೈ ಹಿಡಿದುಕೊಂಡಳು. ಡಲ್ಸಿ ಕೆಂಪಾಗಿ, ಎರಡು ಹೆಜ್ಜೆ ಬಂದು, ಕೋಲನ್ನು ಹೆಸ್ಟರಳ ಕಡೆ ಚಾಚಿದಳು.

"ನೀವೇ ಮುರೀಬೇಕು, ಅಮ್ಮ."

"ನಂಗೇನ್ ಗೊತ್ತು? ಗೊತ್ತಿರೋರೇ ಮುರೀಲಿ," ಎಂದಳು ಹೆಸ್ಟರ್, ಎಲ್ಲರಿಗೂ ಕೇಳುವಂತೆ.

ಡಲ್ಸಿಯೇ ಮುರಿದಳು; ಒಣಗಿದ ಮರದ ಸದ್ದು ಸಣ್ಣದಾಗಿಯೇ ಆಯಿತು. ಹೆಸ್ಟರಳಿಗೆ ಮಾತ್ರ ಅದು ತನ್ನ ಮನೆಯೊಳಗೆ ಏನೋ ಬಿದ್ದಂತೆ ಕೇಳಿಸಿತು.

*

ಮನೆಗೆ ಬಂದವರು ಹ್ಯಾಮ್, ಬ್ರೆಡ್ಡು, ಚಹಾ ಮುಗಿಸಿ ಮುಂಗೋಣೆಯಲ್ಲಿ ಏಮಸ್‌ನ ತಮಾಷೆಗಳನ್ನು ನೆನೆಯುತ್ತಿದ್ದರು. ಹೆಸ್ಟರ್ ಅಡಿಗೆಮನೆಯಲ್ಲಿ ಬಟ್ಟಲು ತೊಳೆಯುತ್ತಿದ್ದಳು. ಡಲ್ಸಿ ಒಳಗೆ ಬಂದು, ಕೇಳದೆಯೇ ಬಟ್ಟೆ ತೆಗೆದುಕೊಂಡು, ಒರೆಸತೊಡಗಿದಳು. ಬೇಡವೆನ್ನಲು ಹೆಸ್ಟರಳಿಗೆ ತ್ರಾಣವಿರಲಿಲ್ಲ.

"ನಿಮ್ಮನ್ನ ಕಂಡ್ರೆ ನಂಗೆ ತುಂಬಾ ಹೊಟ್ಟೆಕಿಚ್ಚಿತ್ತು," ಎಂದಳು ಡಲ್ಸಿ.

ಹೆಸ್ಟರ್ ತಿರುಗಿ ನೋಡಿದಳು. ಅಣಕಿಸುವ ಮುಖವಲ್ಲ ಅದು. ಮಿಂಚಿನ ಉಡುಪು ತೊಡುತ್ತಿದ್ದ ಆ ಮೈ ಈಗ ಕರಿಯ ಉಣ್ಣೆಯೊಳಗೆ ಕುಗ್ಗಿತ್ತು.

"ನಿನಗಾ? ನನ್ನ ಕಂಡಾ?"

"ಪರದೆ ಏಳೋ ಮೊದ್ಲು ಯಜಮಾನ್ರು ಸಣ್ಣ ಕಿಂಡೀಲಿ ನೋಡೋರು. ಬಂದಿದಾಳೆ ಅನ್ನೋರು. ನೀವು ಬರದೇ ಇದ್ದ ವಾರ ಅವರ ಕೈಯಿಂದ ನಾಣ್ಯ ಜಾರಿ ಬೀಳೋದು." ಡಲ್ಸಿ ಅದೇ ಬಟ್ಟಲನ್ನು ಮತ್ತೆ ಒರೆಸಿದಳು. "ಮತ್ತೆ, ನಾನಂತೂ ಆ ಆಟಾನ ನೋಡೇ ಇಲ್ಲ. ನಾನಿದ್ದ ಜಾಗದಲ್ಲಿ ಬರೀ ಕತ್ತಲೆ. ಜನ ಉಸಿರು ಬಿಗಿಹಿಡಿಯೋದು ಕೇಳಿಸ್ತಿತ್ತು, ಅಷ್ಟೇ. ಹ್ಯಾಗಿತ್ತು, ಅಮ್ಮ? ಹೇಳ್ತೀರಾ?"

ಹೆಸ್ಟರ್ ನೀರಿನಲ್ಲಿ ಕೈಯಿಟ್ಟುಕೊಂಡೇ ಹೇಳತೊಡಗಿದಳು, ಗಂಡನಿಗೆ ಒಮ್ಮೆಯೂ ಹೇಳದಿದ್ದುದನ್ನು. ರೇಷ್ಮೆಯ ಅಂಚು ಮೊದಲು ಅಲುಗುವ ಬಗೆ. ನಿದ್ದೆ ಹೋದ ಮಗುವನ್ನು ಎತ್ತುವ ಹಾಗೆ ಅವನು ಅಂಗೈ ಎತ್ತುತ್ತಿದ್ದುದು. ತುಟಿಯಲ್ಲಿ ಏನೋ ಪ್ರಾರ್ಥನೆಯಿದ್ದಂತೆ ಕಾಣುತ್ತಿದ್ದುದು. ಕೊನೆಗೆ ಬಟ್ಟೆ ಬರಿದಾಗಿ ಬಿದ್ದಾಗ ಕಳೆದುಹೋದದ್ದು ತನ್ನದೇ ಏನೋ ಅನ್ನಿಸುತ್ತಿತ್ತು. ರೈಲಿನಲ್ಲಿ ಮನೆ ಮುಟ್ಟುವವರೆಗೂ ಆ ಬಿಳುಪು ಕಣ್ಣಲ್ಲೇ ಇರುತ್ತಿತ್ತು. ಡಲ್ಸಿ ಬಟ್ಟಲನ್ನು ಎದೆಗೊತ್ತಿಕೊಂಡು, ಕಥೆ ಕೇಳುವ ಮಗುವಿನಂತೆ ಬಾಯಿ ತೆರೆದು ಕೇಳಿದಳು.

ಹೇಳುತ್ತ ಹೇಳುತ್ತ ಹೆಸ್ಟರಳ ಮಾತು ನಿಂತಿತು.

"ನೀನು ಕತ್ತಲೇಲಿದ್ದೆ ಅಂದ್ರೆ, ಮೇಲೆ ಹೋದದ್ದು..."

"ಅದಾ," ಎಂದು ಡಲ್ಸಿ ಮುಂಗೋಣೆಯ ಕಡೆ ಒಮ್ಮೆ ನೋಡಿ, ಹತ್ತಿರ ಬಂದು, ದನಿ ತಗ್ಗಿಸಿದಳು. "ಇನ್ನು ಹೇಳಿದ್ರೆ ತಪ್ಪಿಲ್ಲ. ನೋಡಿ, ಆ ಮಂಚದಲ್ಲಿ..."

ಆಮೇಲೆ ಯಾರಿಗೆ ತೋರಿಸ್ಲಿ ಎಂದು ಏಮಸ್ ನಕ್ಕದ್ದು ನೆನಪಾಗಿ, ಹೆಸ್ಟರಳ ಒದ್ದೆ ಕೈ ಡಲ್ಸಿಯ ಬಾಯನ್ನು ಮುಚ್ಚಿತು. ಅಂಗೈಯೊಳಗೆ ಬಿಸಿಯುಸಿರು ತಡೆದು ನಿಂತಿತು. ಸಾಬೂನಿನ ನೊರೆ ಡಲ್ಸಿಯ ಗಲ್ಲದಿಂದ ಇಳಿದು ಕರಿಯ ಕಾಲರಿನ ಮೇಲೆ ಬಿತ್ತು. ಹೆಸ್ಟರ್ ಕೈ ತೆಗೆಯಲಿಲ್ಲ.